ದಾನಾದಿಂದ ಪೆಟ್ರಾಕ್ಕೆ ನಡೆದೇ ಹೋಗಿ: ಉಡುಪಿಯಿಂದ ಹೊರಡುವ ಗುಂಪಿಗೆ ಒಂದಷ್ಟು ಮಾತು

ಜೋರ್ಡಾನ್‌ಗೆ ಹೋಗುವ ಹೆಚ್ಚಿನವರು ಬಂಡೆಯಲ್ಲಿ ಕೆತ್ತಿದ ಪ್ರಾಚೀನ ಪಟ್ಟಣ ಪೆಟ್ರಾವನ್ನು ಒಂದೇ ದಿನದಲ್ಲಿ ಮುಗಿಸುತ್ತಾರೆ. ಬೆಳಿಗ್ಗೆ ರಾಜಧಾನಿ ಅಮ್ಮಾನ್‌ನಿಂದ ಬಸ್ಸು, ಮಧ್ಯಾಹ್ನ ಒಂದಷ್ಟು ಸುತ್ತಾಟ, ಫೋಟೊ, ರಾತ್ರಿ ವಾಪಸ್. ನಿಮ್ಮ ಗುಂಪಿನಲ್ಲಿ ದಿನಕ್ಕೆ ಆರೇಳು ಗಂಟೆ ನಡೆಯಬಲ್ಲವರಿದ್ದರೆ ದಯವಿಟ್ಟು ಹಾಗೆ ಮಾಡಬೇಡಿ. ದಾನಾ ಎಂಬ ಹಳ್ಳಿಯಿಂದ ನಡೆದು ಹೋಗಿ. ಸುಮಾರು 75–80 ಕಿ.ಮೀ., ನಾಲ್ಕೈದು ದಿನದ ದಾರಿ. ದೇಶದ ಉತ್ತರ ತುದಿಯ ಉಮ್ ಖೈಸ್‌ನಿಂದ ದಕ್ಷಿಣದ ಅಕಾಬಾ ಕಡಲಿನವರೆಗೆ ಸುಮಾರು 650 ಕಿ.ಮೀ. ಉದ್ದದ ‘ಜೋರ್ಡಾನ್ ಟ್ರೇಲ್’ ಇದೆ. ಇದು ಅದರದ್ದೇ ಒಂದು ತುಂಡು. ಮನೆ ಮಠ ಇಲ್ಲದ ಕಣಿವೆಗಳಲ್ಲಿ ನಡೆದು, ನೀರಿಲ್ಲದ ನೆಲ ಅಂದರೆ ಏನು ಅಂತ ಮೈಗೆ ಗೊತ್ತಾದ ಮೇಲೆ ಪೆಟ್ರಾ ನೋಡಬೇಕು. ಎರಡು ಸಾವಿರ ವರ್ಷದ ಹಿಂದೆ ಅಲ್ಲಿ ಒಂದು ಪಟ್ಟಣ ಹೇಗೆ ಬದುಕಿತ್ತು ಅನ್ನುವುದು ಆಗ ಅರ್ಥವಾಗುತ್ತದೆ.

ಉಡುಪಿಯಲ್ಲಿ ನನ್ನದು ಮೆಡಿಕಲ್ ಶಾಪ್. ಬೆಳಿಗ್ಗೆ ಅಜ್ಜರಕಾಡಿನಲ್ಲಿ ಒಟ್ಟಿಗೆ ವಾಕಿಂಗ್ ಮಾಡುವವರೇ ನಮ್ಮ ಗುಂಪು. ಬ್ಯಾಂಕಿನಿಂದ ನಿವೃತ್ತರಾದವರು, ಟೀಚರ್‌ಗಳು, ನನ್ನ ಅತ್ತಿಗೆ, ಗಲ್ಫ್‌ನಲ್ಲಿ ಇದ್ದು ಬಂದ ಗಂಡ ಹೆಂಡತಿ. ಅಂಗಡಿಗೆ ಬಂದವರು “ನಮಗೂ ಹೋಗಬೇಕು ಮಾರಾಯ್ರೆ, ಏನೇನು ಬೇಕು ಹೇಳಿ” ಅಂತ ಕೇಳುತ್ತಲೇ ಇರುತ್ತಾರೆ. ಕೌಂಟರಿನಲ್ಲಿ ನಿಂತು ಹೇಳಿ ಮುಗಿಯುವ ಮಾತಲ್ಲ. ಅದಕ್ಕೇ ಬರೆದೆ.

ಮೊದಲು ಗುಂಪು, ಆಮೇಲೆ ಟಿಕೆಟ್

ಎಂಟರಿಂದ ಹನ್ನೆರಡು ಜನ ಸರಿ. ವಾದಿ ರಮ್ ಮರುಭೂಮಿಯ ಒಂದು ಜೀಪಿನಲ್ಲಿ ಆರು ಜನ ಆರಾಮಾಗಿ ಕೂರಬಹುದು. ಎರಡು ಜೀಪಿನ ಗುಂಪು ಅಂದರೆ ಖರ್ಚೂ ಹಂಚಿಹೋಗುತ್ತದೆ, ಎಲ್ಲರಿಗೂ ಎಲ್ಲರ ಮೇಲೆ ಕಣ್ಣೂ ಇರುತ್ತದೆ. ಅದಕ್ಕಿಂತ ಜಾಸ್ತಿ ಆದರೆ ಬೆಳಿಗ್ಗೆ ಹೊರಡುವುದಕ್ಕೇ ಒಂದು ಗಂಟೆ ತಡ.

ಯಾರು ಬರುತ್ತಾರೆ ಅನ್ನುವುದಕ್ಕಿಂತ ಯಾರ ವೇಗಕ್ಕೆ ನಡೆಯುತ್ತೇವೆ ಅನ್ನುವುದು ಮುಖ್ಯ. ಗುಂಪು ನಡೆಯಬೇಕಾದದ್ದು ಅತಿ ನಿಧಾನ ಇರುವವರ ವೇಗಕ್ಕೆ. ಇದನ್ನು ಊರಲ್ಲೇ ಕೂತು ಬಾಯಿಬಿಟ್ಟು ಮಾತಾಡಿ. ನಮ್ಮಲ್ಲಿ ಕ್ರಮ ಹೀಗೆ: ಎಲ್ಲರಿಗಿಂತ ಮುಂದೆ ಗೈಡ್, ಅವರ ಬೆನ್ನಿಗೇ ಗುಂಪಿನಲ್ಲಿ ನಿಧಾನ ಇರುವವರು, ಎಲ್ಲರಿಗಿಂತ ಕೊನೆಯಲ್ಲಿ ಗಟ್ಟಿ ಕಾಲಿನವರೊಬ್ಬರು. ನಿಧಾನ ಇರುವವರನ್ನು ಹಿಂದೆ ಬಿಟ್ಟರೆ ಅವರು ಬಂದು ಮುಟ್ಟುವಷ್ಟರಲ್ಲಿ ಮುಂದಿನವರ ವಿಶ್ರಾಂತಿ ಮುಗಿದಿರುತ್ತದೆ, ಅವರಿಗೆ ಕೂರಲು ಸಿಗುವುದೇ ಇಲ್ಲ. ಎರಡನೇ ದಿನಕ್ಕೆ ಅವರ ಮಂಡಿ ಹೋಗುತ್ತದೆ, ಮೂರನೇ ದಿನಕ್ಕೆ ಮನಸ್ಸು ಹೋಗುತ್ತದೆ.

ದುಡ್ಡಿನ ಮಾತನ್ನೂ ಮೊದಲೇ ಮುಗಿಸಿ. ಎಲ್ಲರೂ ಒಂದೇ ಮೊತ್ತ ಹಾಕಿದ ಸಾಮಾನ್ಯ ಪರ್ಸು ಒಂದು, ಅದನ್ನು ಹಿಡಿಯುವವರು ಒಬ್ಬರು, ಬರೆಯುವವರು ಇನ್ನೊಬ್ಬರು. ಚಹಾ, ಟಿಪ್ಸ್, ನೀರು ಎಲ್ಲ ಅದರಿಂದಲೇ. ಜೋರ್ಡಾನಿನ ಒಂದು ದಿನಾರ್ ಅಂದರೆ ನೂರು ರೂಪಾಯಿಗೂ ಮೇಲೆ. ಹಾಗಾಗಿ “ನಾನು ಕೊಟ್ಟೆ, ನೀವು ಆಮೇಲೆ ಕೊಡಿ” ಅನ್ನುವ ಲೆಕ್ಕ ಬೇಗ ಭಾರವಾಗುತ್ತದೆ. ಒಂದು ಮತ್ತು ಐದು ದಿನಾರಿನ ಚಿಲ್ಲರೆ ನೋಟು ಜಾಸ್ತಿ ಇರಲಿ.

ತಾರೀಕು ಹಿಡಿಯುವುದು ನಮ್ಮ ಕಡೆ ಸುಲಭ ಅಲ್ಲ, ಅಲ್ವಾ? ಅಲ್ಲಿನ ಒಳ್ಳೆಯ ಹವೆ ಮಾರ್ಚ್‌ನಿಂದ ಮೇ, ಮತ್ತೆ ಸೆಪ್ಟೆಂಬರ್ ಕೊನೆಯಿಂದ ನವೆಂಬರ್. ಇಲ್ಲಿ ಏಪ್ರಿಲ್, ಮೇ ಅಂದರೆ ಮದುವೆ, ನೇಮ, ಬ್ರಹ್ಮಕಲಶ. ಆದರೂ ನಾನು ಹೇಳುವುದು ಮಾರ್ಚ್ ಕೊನೆ ಅಥವಾ ಏಪ್ರಿಲ್ ಮೊದಲ ವಾರ. ಆಗ ದಾನಾದ ಇಳಿಜಾರಿನಲ್ಲಿ ಹೂವು ಇರುತ್ತದೆ, ಹಗಲು ತೀರಾ ಸುಡುವುದಿಲ್ಲ. ಇನ್ನೊಂದು ಕಾರಣ, ನಡಿಗೆಯ ತಯಾರಿಗೆ ನಮಗೆ ಡಿಸೆಂಬರ್‌ನಿಂದ ಫೆಬ್ರವರಿ ಸಿಗುತ್ತದೆ. ಅಕ್ಟೋಬರಿಗೆ ಹೋಗುವುದಾದರೆ ತಯಾರಿ ಮಳೆಗಾಲದಲ್ಲೇ ಆಗಬೇಕು. ರಂಜಾನ್ ತಿಂಗಳು ಯಾವಾಗ ಅಂತಲೂ ನೋಡಿಕೊಳ್ಳಿ. ಉಪವಾಸ ಇರುವ ಗೈಡ್ ನಿಮ್ಮ ಜೊತೆ ಹಗಲಿಡೀ ಬಿಸಿಲಿನಲ್ಲಿ ನಡೆಯಬೇಕಾಗುತ್ತದೆ, ಅದು ಸರಿಯಲ್ಲ.

ಕಾಗದಪತ್ರ

ಎಲ್ಲರ ಪಾಸ್‌ಪೋರ್ಟ್‌ಗೂ ಆರು ತಿಂಗಳ ಅವಧಿ ಬಾಕಿ ಇದೆಯಾ ಅಂತ ಇವತ್ತೇ ನೋಡಿ. ‘ಜೋರ್ಡಾನ್ ಪಾಸ್’ ಅಂತ ಇದೆ. ಆನ್‌ಲೈನ್‌ನಲ್ಲಿ, ಆ ದೇಶಕ್ಕೆ ಕಾಲಿಡುವ ಮೊದಲೇ ಕೊಳ್ಳಬೇಕು. ಪೆಟ್ರಾದಲ್ಲಿ ಎಷ್ಟು ದಿನ ಎಂಬುದರ ಮೇಲೆ 70, 75, 80 ದಿನಾರ್. ಪೆಟ್ರಾದ ಒಂದು ದಿನದ ಟಿಕೆಟ್ಟೇ ಬೇರೆಯಾಗಿ 50 ದಿನಾರ್, ವೀಸಾ ಶುಲ್ಕ 40. ಕನಿಷ್ಠ ಮೂರು ರಾತ್ರಿ ಉಳಿದರೆ ಪಾಸ್ ಇದ್ದವರಿಗೆ ಆ ವೀಸಾ ಶುಲ್ಕ ಇಲ್ಲ. ವಾದಿ ರಮ್, ಹಳೇ ರೋಮನ್ ಪಟ್ಟಣ ಜೆರಾಶ್, ಅಮ್ಮಾನ್ ಕೋಟೆ ಎಲ್ಲ ಅದರಲ್ಲೇ ಬರುತ್ತದೆ. ಎರಡು ದಿನದ ಪಾಸ್ ತೆಗೆದುಕೊಳ್ಳಿ. ಭಾರತೀಯರ ವೀಸಾ ನಿಯಮ, ಆ ಭಾಗದ ಗಡಿ ಮತ್ತು ವಿಮಾನಗಳ ಪರಿಸ್ಥಿತಿ ಬದಲಾಗುತ್ತಿರುತ್ತದೆ. ಜೋರ್ಡಾನ್ ರಾಯಭಾರ ಕಚೇರಿಯ ಮಾಹಿತಿ ಮತ್ತು ನಮ್ಮ ವಿದೇಶಾಂಗ ಇಲಾಖೆಯ ಸೂಚನೆ ನೋಡಿಯೇ ದುಡ್ಡು ಕಟ್ಟಿ.

ಬಜಪೆಯ ಮಂಗಳೂರು ವಿಮಾನ ನಿಲ್ದಾಣದಿಂದ ದುಬೈಗೆ ನೇರ ವಿಮಾನ ಇದೆ, ಅಲ್ಲಿಂದ ಅಮ್ಮಾನ್‌ಗೆ ಇನ್ನೊಂದು. ಆದರೆ ಎರಡನ್ನೂ ಬೇರೆ ಬೇರೆ ಟಿಕೆಟ್ ಆಗಿ ಕೊಂಡರೆ ಬ್ಯಾಗನ್ನು ದುಬೈಯಲ್ಲಿ ಬಿಡಿಸಿಕೊಂಡು ಮತ್ತೆ ಹಾಕಬೇಕಾಗಬಹುದು. ಹೊರಗೆ ಬರಬೇಕು ಅಂದರೆ ಅಲ್ಲಿನ ವೀಸಾ ಬೇಕು. ಒಂದೇ ಟಿಕೆಟ್‌ನಲ್ಲಿ ಅಮ್ಮಾನ್‌ವರೆಗೆ ಬ್ಯಾಗು ಹೋಗುವಂತೆ ಬುಕ್ ಮಾಡಿ. ಅದಕ್ಕಾಗಿ ಬೆಂಗಳೂರಿಗೋ ಮುಂಬೈಗೋ ಹೋಗಬೇಕಾದರೂ ಅಡ್ಡಿಯಿಲ್ಲ.

ಕಾಲಿಗೆ ಮನೆಪಾಠ

ಅಜ್ಜರಕಾಡಿನ ಸಮತಟ್ಟು ನೆಲದಲ್ಲಿ ಸುತ್ತು ಹೊಡೆದರೆ ಸಾಲದು. ಮೆಟ್ಟಿಲು ಬೇಕು, ಮರಳು ಬೇಕು, ಇಳಿಜಾರು ಬೇಕು. ಮೂರೂ ನಮ್ಮ ಹತ್ತಿರವೇ ಇವೆ. ಬೆಳ್ತಂಗಡಿ ಹತ್ತಿರದ ಗಡಾಯಿಕಲ್ಲಿಗೆ 1800ಕ್ಕಿಂತ ಜಾಸ್ತಿ ಮೆಟ್ಟಿಲು ಎನ್ನುತ್ತಾರೆ. ಅದನ್ನು ಹತ್ತಿ ಇಳಿದ ಕಾಲಿಗೆ ಪೆಟ್ರಾದ ಮೆಟ್ಟಿಲು ಹೆದರಿಕೆ ಹುಟ್ಟಿಸುವುದಿಲ್ಲ. ಕುದುರೆಮುಖದ ಚಾರಣ ಹೋಗಿ ಬರಲು ಸುಮಾರು 20 ಕಿ.ಮೀ., ಅದಕ್ಕೆ ಅರಣ್ಯ ಇಲಾಖೆಯ ಅನುಮತಿಯನ್ನು ಆನ್‌ಲೈನ್‌ನಲ್ಲಿ ಮೊದಲೇ ತೆಗೆಯಬೇಕು. ಮರಳಿಗೆ ಪಡುಕೆರೆ. ಅಲೆ ಬಡಿಯುವ ಗಟ್ಟಿ ಮರಳಿನಲ್ಲಿ ಅಲ್ಲ, ಮೇಲಿನ ಒಣ ಮರಳಿನಲ್ಲಿ ನಡೆಯಿರಿ, ಅದೂ ಶೂ ಹಾಕಿಕೊಂಡು, ಬೆನ್ನಿಗೆ ಮೂರು ಲೀಟರ್ ನೀರು ಹಾಕಿಕೊಂಡು. ಹೊಸ ಶೂ ಕೊಳ್ಳುವುದಾದರೆ ಎರಡು ತಿಂಗಳ ಮೊದಲೇ ಕೊಳ್ಳಿ, ಸಂಜೆ ಹೊತ್ತು ಕೊಳ್ಳಿ. ಸಂಜೆಗೆ ಪಾದ ಸ್ವಲ್ಪ ಊದಿರುತ್ತದೆ, ನಡೆಯುವಾಗಲೂ ಹಾಗೇ ಇರುತ್ತದೆ.

ಔಷಧದ ಚೀಲ

ಇದು ನನ್ನ ಕೆಲಸ, ಹಾಗಾಗಿ ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ.

ಕರಾವಳಿಯವರಿಗೆ ಸೆಕೆ ಗೊತ್ತು, ಒಣ ಬಿಸಿಲು ಗೊತ್ತಿಲ್ಲ. ಇಲ್ಲಿ ಬೆವರು ಹರಿಯುತ್ತದೆ, ಬಟ್ಟೆ ಚಂಡಿಯಾಗುತ್ತದೆ, ಮೈಯಿಂದ ನೀರು ಹೋಗುತ್ತಿದೆ ಅಂತ ಕಣ್ಣಿಗೇ ಕಾಣುತ್ತದೆ. ಅಲ್ಲಿ ಬೆವರು ಬಂದ ಕೂಡಲೇ ಆರಿಹೋಗುತ್ತದೆ. ಮೈ ಒಣಗಿಯೇ ಇರುತ್ತದೆ, ಒಳಗಿನ ನೀರು ಮಾತ್ರ ಖಾಲಿಯಾಗುತ್ತಿರುತ್ತದೆ. ಬಾಯಾರಿಕೆಗೆ ಕಾಯಬೇಡಿ. ಅರ್ಧ ಗಂಟೆಗೊಮ್ಮೆ ನಾಲ್ಕು ಗುಟುಕು ಅಂತ ಇಟ್ಟುಕೊಳ್ಳಿ, ಗುಂಪಿನಲ್ಲಿ ಒಬ್ಬರು ಗಡಿಯಾರ ನೋಡಿ ಕೂಗಲಿ. ಮೂತ್ರದ ಬಣ್ಣ ದಟ್ಟ ಹಳದಿ ಆದರೆ, ತಲೆನೋವು ಶುರುವಾದರೆ, ಸುಮ್ಮನಿದ್ದವರು ಸಿಡುಕಲು ಶುರು ಮಾಡಿದರೆ ನೆರಳಿನಲ್ಲಿ ಕೂರಿಸಿ, ನೀರು ಕೊಡಿ.

ಓಆರ್‌ಎಸ್ ಪ್ಯಾಕೆಟ್ ತಲಾ ದಿನಕ್ಕೆ ಒಂದರಂತೆ ಇರಲಿ. ಇಲ್ಲಿ ಒಂದು ವಿಷಯ ಗಮನಿಸಿ. ದೊಡ್ಡ ಪ್ಯಾಕೆಟ್ ಒಂದು ಲೀಟರ್ ನೀರಿಗೆ, ಚಿಕ್ಕದು 200 ಮಿ.ಲೀ.ಗೆ. ಹಿಂಬದಿಯಲ್ಲಿ ಬರೆದಿರುತ್ತದೆ. ದೊಡ್ಡ ಪ್ಯಾಕೆಟ್ಟನ್ನು ಅರ್ಧ ಲೀಟರಿನ ಬಾಟಲಿಗೆ ಸುರಿದು ಕುಡಿಯುವವರನ್ನು ನಾನು ತುಂಬ ನೋಡಿದ್ದೇನೆ. ಉಪ್ಪು ಜಾಸ್ತಿಯಾದರೆ ಉಪಕಾರಕ್ಕಿಂತ ತೊಂದರೆಯೇ ಹೆಚ್ಚು. ಲೀಟರ್ ಬಾಟಲಿಗೆ ಗೆರೆ ಎಳೆದುಕೊಂಡು ಹೋಗಿ.

ಬಿಪಿಗೆ ಮೂತ್ರ ಹೆಚ್ಚಿಸುವ ಮಾತ್ರೆ ತೆಗೆದುಕೊಳ್ಳುವವರು ಹೊರಡುವ ಮೊದಲು ಡಾಕ್ಟರನ್ನು ಕೇಳಲೇಬೇಕು, ತಾವಾಗಿ ಮಾತ್ರೆ ಬಿಡಬಾರದು. ಇನ್ಸುಲಿನ್ ಇರುವವರು ಅದನ್ನು ಕೈಚೀಲದಲ್ಲಿ, ತಂಪು ಉಳಿಸುವ ಪೌಚಿನಲ್ಲಿ ಇಟ್ಟುಕೊಳ್ಳಿ. ಎಲ್ಲ ಮಾತ್ರೆಯೂ ಸ್ಟ್ರಿಪ್‌ನಲ್ಲೇ ಇರಲಿ, ಬಿಡಿಸಿ ಡಬ್ಬಿಗೆ ತುಂಬಬೇಡಿ. ಡಾಕ್ಟರ ಚೀಟಿಯಲ್ಲಿ ಔಷಧದ ಮೂಲ ಹೆಸರು ಬರೆಸಿಕೊಳ್ಳಿ. ಟ್ರಮಡಾಲ್, ಕೊಡೀನ್ ಇರುವ ಕೆಮ್ಮಿನ ಸಿರಪ್, ಅಲ್ಪ್ರಜೋಲಂನಂಥ ನಿದ್ದೆಮಾತ್ರೆ, ಇವುಗಳಿಗೆ ಯುಎಇಯಲ್ಲಿ ಮೊದಲೇ ಅನುಮತಿ ಬೇಕು. ದಾರಿಯಲ್ಲಿ ದುಬೈ ಇದ್ದರೆ ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಅಡುಗೆಮನೆಯ ಸಾಮಾನಿಗೂ ಇದೇ ಮಾತು. ಗಸಗಸೆ ಅಲ್ಲಿ ನಿಷಿದ್ಧ. ಗಸಗಸೆ ಹಾಕಿದ ಮಸಾಲೆ ಪುಡಿಯೂ ಬೇಡ, ವೀಳ್ಯದೆಲೆಯೂ ಬೇಡ.

ಕಾಲಿಗೆ ಮೈಕ್ರೋಪೋರ್ ಟೇಪು. ಗುಳ್ಳೆ ಬಂದ ಮೇಲೆ ಅಲ್ಲ, ಉರಿ ಶುರುವಾದ ಕ್ಷಣವೇ ನಿಂತು ಶೂ ಬಿಚ್ಚಿ ಹಚ್ಚಿ. ಗುಂಪು ಕಾಯುತ್ತದೆ ಅಂತ ಸಂಕೋಚ ಬೇಡ. ಮೊದಲ ದಿನ ಇಡೀ ಇಳಿಜಾರು, ಬೆರಳು ಶೂವಿನ ತುದಿಗೆ ಗುದ್ದುತ್ತದೆ, ಆದ್ದರಿಂದ ಹಿಂದಿನ ದಿನವೇ ಉಗುರು ಚಿಕ್ಕದಾಗಿ ಕತ್ತರಿಸಿಕೊಳ್ಳಿ.

ಹೆಂಗಸರು ಕೇಳಲು ಹಿಂಜರಿಯುವ ವಿಷಯ ಇನ್ನೊಂದು. ದಾರಿಯಲ್ಲಿ ಶೌಚಾಲಯ ಇಲ್ಲ. ಬಂಡೆ ಇದೆ, ಮರೆ ಇದೆ. ಇಬ್ಬರು ಜೊತೆಗೆ ಹೋಗಿ, ಒಬ್ಬರು ದುಪಟ್ಟಾ ಹಿಡಿದು ನಿಂತರೆ ಆಯಿತು. ನೀರು ಕುಡಿದರೆ ಹೋಗಬೇಕಾಗುತ್ತದೆ ಅಂತ ಕುಡಿಯದೆ ಇರಬೇಡಿ, ಅದೇ ದೊಡ್ಡ ಅಪಾಯ. ಪ್ಯಾಡ್, ಟಿಶ್ಯೂ ಯಾವುದನ್ನೂ ಅಲ್ಲಿ ಬಿಡುವಂತಿಲ್ಲ. ಜಿಪ್ ಇರುವ ಕವರಿನಲ್ಲಿ ಕಟ್ಟಿ ವಾಪಸ್ ತರಬೇಕು. ಒಣ ನೆಲದಲ್ಲಿ ಏನೂ ಬೇಗ ಕೊಳೆಯುವುದಿಲ್ಲ.

ದಾರಿ

ದಾನಾ ಅಂದರೆ ಕಣಿವೆಯ ನೆತ್ತಿಯಲ್ಲಿರುವ ಕಲ್ಲಿನ ಮನೆಗಳ ಹಳೇ ಹಳ್ಳಿ. ಸುತ್ತಲಿನ ಸುಮಾರು 300 ಚ.ಕಿ.ಮೀ. ಜಾಗ 1989ರಿಂದ ರಕ್ಷಿತ ಪ್ರದೇಶ. ಮೇಲಿನ ತುದಿ ಸಮುದ್ರ ಮಟ್ಟಕ್ಕಿಂತ 1500 ಮೀಟರ್ ಎತ್ತರ, ಕೆಳಗಿನ ತುದಿ ಸಮುದ್ರ ಮಟ್ಟಕ್ಕಿಂತಲೂ ಕೆಳಗೆ. ಒಂದೇ ದಿನದ ನಡಿಗೆಯಲ್ಲಿ ಮರ ಬದಲಾಗುತ್ತದೆ, ಕಲ್ಲಿನ ಬಣ್ಣ ಬದಲಾಗುತ್ತದೆ, ಗಾಳಿ ಬದಲಾಗುತ್ತದೆ. ಬೆಳಿಗ್ಗೆ ಸ್ವೆಟರ್ ಹಾಕಿ ಹೊರಟವರು ಮಧ್ಯಾಹ್ನ ತಲೆಗೆ ಬೈರಾಸು ಸುತ್ತಿಕೊಳ್ಳುತ್ತೀರಿ.

ಸುಮಾರು 14 ಕಿ.ಮೀ. ಇಳಿದರೆ ಫೇನಾನ್. ಅಲ್ಲಿನ ಇಕೋಲಾಡ್ಜ್‌ನಲ್ಲಿ ರಾತ್ರಿ ಉಳಿಯುವ ಹಾಗೆ ಹೊಂದಿಸಿಕೊಳ್ಳಿ. ರಾತ್ರಿ ಬೆಳಕು ಹೆಚ್ಚಾಗಿ ಮೇಣದಬತ್ತಿಯದ್ದು, ಊಟ ಸಸ್ಯಾಹಾರ. ನಮ್ಮಲ್ಲಿ ಈರುಳ್ಳಿ ಬೆಳ್ಳುಳ್ಳಿಯನ್ನೂ ತಿನ್ನದವರು ಇದ್ದರೆ ಮಾತ್ರ ಮುಂಚೆಯೇ ಬರೆದು ತಿಳಿಸಬೇಕು. ಈ ಕಣಿವೆಯಲ್ಲಿ ಸಾವಿರಾರು ವರ್ಷ ತಾಮ್ರ ತೆಗೆದಿದ್ದಾರೆ. ಕರಗಿಸಿ ಉಳಿದ ಕಪ್ಪು ಕಿಟ್ಟದ ರಾಶಿ ಇನ್ನೂ ಅಲ್ಲೇ ಬಿದ್ದಿದೆ. ರೋಮನ್ನರ ಕಾಲದಲ್ಲಿ ಶಿಕ್ಷೆಯಾಗಿ ಕ್ರೈಸ್ತರನ್ನು ಈ ಗಣಿಗಳಿಗೆ ಅಟ್ಟುತ್ತಿದ್ದರು. ಸಂಜೆ ಗೈಡ್ ಜೊತೆ ಹೋಗಿ ನೋಡಿ, ಕಿಟ್ಟದ ತುಂಡನ್ನು ಜೇಬಿಗೆ ಹಾಕಿಕೊಳ್ಳಬೇಡಿ.

ಇಲ್ಲಿಂದ ಮುಂದಿನ ದಿನಗಳೇ ಕಷ್ಟದ್ದು. ಇಳಿದದ್ದನ್ನೆಲ್ಲ ಮತ್ತೆ ಹತ್ತಬೇಕು. ದಾರಿಗೆ ಎಲ್ಲ ಕಡೆ ಗುರುತು ಇಲ್ಲ, ಅಂಗಡಿ ಇಲ್ಲ, ಮೊಬೈಲ್ ಸಿಗ್ನಲ್ ನೆಚ್ಚಿಕೊಳ್ಳುವಂತಿಲ್ಲ. ಸ್ಥಳೀಯ ಗೈಡ್ ಬೇಕೇ ಬೇಕು. ನೀರು, ಟೆಂಟು, ಅಡುಗೆ ಸಾಮಾನು ಹೊತ್ತ ಪಿಕಪ್ ಗಾಡಿ ಸಂಜೆ ಕ್ಯಾಂಪಿಗೆ ಬರುವ ವ್ಯವಸ್ಥೆಯೂ ಬೇಕು. ಬುಕ್ ಮಾಡುವಾಗ ಒಂದೇ ಪ್ರಶ್ನೆ ಗಟ್ಟಿಯಾಗಿ ಕೇಳಿ: ದಿನಕ್ಕೆ ತಲಾ ಎಷ್ಟು ಲೀಟರ್ ನೀರು ಕೊಡುತ್ತೀರಿ, ನಡು ಮಧ್ಯಾಹ್ನ ತುಂಬಿಸಿಕೊಳ್ಳಲು ಗಾಡಿ ಎಲ್ಲಿ ಸಿಗುತ್ತದೆ? ಕುಡಿಯಲಿಕ್ಕೇ ತಲಾ ನಾಲ್ಕು ಲೀಟರ್ ಅಂತ ಹಿಡಿದರೆ ಹತ್ತು ಜನಕ್ಕೆ ದಿನಕ್ಕೆ 40 ಲೀಟರ್. ಇದಕ್ಕೆ ಸರಿಯಾದ ಉತ್ತರ ಕೊಡದವರ ಜೊತೆ ಎಷ್ಟು ಕಡಿಮೆ ದರ ಆದರೂ ಹೋಗಬೇಡಿ. ಪ್ರಯಾಣದ ವಿಮೆಯಲ್ಲಿ ಚಾರಣ ಮತ್ತು ತುರ್ತು ಸಾಗಾಟ ಸೇರಿದೆಯಾ ಅಂತಲೂ ಓದಿ ನೋಡಿ.

ಮೋಡ ಕಟ್ಟಿದ ದಿನ ಇಕ್ಕಟ್ಟಿನ ಕಣಿವೆಗೆ ಇಳಿಯುವುದು ಬೇಡ ಅಂತ ಗೈಡ್ ಹೇಳಿದರೆ ಎದುರು ಮಾತಾಡಬೇಡಿ. ಮಳೆ ಕಂಡು ಬೆಳೆದವರು ನಾವು, ನಾಲ್ಕು ಹನಿಗೆ ಏನಾಗುತ್ತದೆ ಅನ್ನಿಸುತ್ತದೆ. ಅಲ್ಲಿನ ನೆಲ ನೀರು ಕುಡಿಯುವುದಿಲ್ಲ. ದೂರದ ಗುಡ್ಡದಲ್ಲಿ ಬಿದ್ದ ಮಳೆ ಇಲ್ಲಿ ಬಿಸಿಲಿರುವಾಗಲೇ ನುಗ್ಗಿ ಬರುತ್ತದೆ. 1963ರಲ್ಲಿ ಪೆಟ್ರಾದ ಕಂದರದೊಳಗೆ ಹೀಗೆ ಬಂದ ನೀರಿಗೆ ಫ್ರಾನ್ಸಿನ ಪ್ರವಾಸಿಗರ ಒಂದು ಗುಂಪಿನವರು ಇಪ್ಪತ್ತಕ್ಕೂ ಹೆಚ್ಚು ಜನ ತೀರಿಕೊಂಡರು.

ಹಿಂಬಾಗಿಲಿನಿಂದ ಪೆಟ್ರಾ

ಕೊನೆಯ ರಾತ್ರಿ ‘ಲಿಟಲ್ ಪೆಟ್ರಾ’ ಹತ್ತಿರ. ಮರುದಿನ ಬೆಳಿಗ್ಗೆ ಗುಡ್ಡದ ಅಂಚಿನ ದಾರಿಯಲ್ಲಿ ನಡೆದರೆ ನೇರ ಅದ್‌ದೈರ್ ಎದುರಿಗೆ ಬಂದು ನಿಲ್ಲುತ್ತೀರಿ. ಒಂದೇ ಬೆಟ್ಟದ ಮೈಯನ್ನು ಕೆತ್ತಿ ಮಾಡಿದ, 45 ಮೀಟರ್ ಆಸುಪಾಸು ಎತ್ತರದ ಮುಖಮಂಟಪ. ಮುಖ್ಯ ಬಾಗಿಲಿನಿಂದ ಬರುವವರು ಸುಮಾರು 850 ಮೆಟ್ಟಿಲು ಹತ್ತಿ ಏದುಸಿರಿನಲ್ಲಿ ಇಲ್ಲಿಗೆ ಬರುತ್ತಾರೆ. ನೀವು ಇಲ್ಲಿಂದ ಶುರು ಮಾಡಿ ಇಳಿಯುತ್ತೀರಿ. ಈ ಕಡೆಯಿಂದ ಬರುವುದಾದರೆ ಟಿಕೆಟ್ ಮೊದಲೇ ಕೈಯಲ್ಲಿರಬೇಕು. ಪೆಟ್ರಾದ ಬಾಗಿಲಲ್ಲಿರುವ ಊರು ವಾದಿ ಮೂಸಾದ ಮುಖ್ಯ ಕೇಂದ್ರದಲ್ಲಿ ಅದನ್ನು ಸರಿಮಾಡಿಸಿಕೊಡಲು ಗೈಡ್‌ಗೆ ಮುಂಚೆಯೇ ಹೇಳಿಡಿ.

ಮೆಟ್ಟಿಲಿನ ಮೇಲೆ ಕತ್ತೆ ಸವಾರಿಗೆ ಕರೆಯುತ್ತಾರೆ. ಬೇಡ ಅನ್ನಿ. ಜಾರುವ ಕಲ್ಲಿನ ಮೇಲೆ ದಿನವಿಡೀ ಜನ ಹೊತ್ತು ಹತ್ತುವ ಆ ಪ್ರಾಣಿಗಳ ಕಾಲು ನೋಡಿದರೆ ನಿಮಗೂ ಮನಸ್ಸು ಬರುವುದಿಲ್ಲ. ದುಡ್ಡು ಕೊಡಬೇಕು ಅನ್ನಿಸಿದರೆ ಮೆಟ್ಟಿಲ ಬದಿಯಲ್ಲಿ ಚಹಾ ಮಾಡುವ, ಬೆಡುವಿನ್ ಎಂಬ ಮರುಭೂಮಿ ಬುಡಕಟ್ಟಿನ ಹೆಂಗಸರ ಹತ್ತಿರ ಕೂತು ಚಹಾ ಕುಡಿಯಿರಿ. ಫೋಟೊ ತೆಗೆಯುವ ಮೊದಲು ಕೇಳಿ.

ಖಜ್ನೆ, ಅಂದರೆ ಎಲ್ಲ ಪೋಸ್ಟರ್‌ಗಳಲ್ಲೂ ಇರುವ ಆ ಮುಖಮಂಟಪದ ತುದಿಯಲ್ಲಿ ಒಂದು ಕಲ್ಲಿನ ಕಲಶ ಇದೆ. ಅದರ ಮೈಯೆಲ್ಲ ತೂತು ತೂತು, ಗುಂಡಿನ ಗುರುತು. ಒಳಗೆ ಫೇರೋ ದೊರೆಯ ನಿಧಿ ಇದೆ ಅಂತ ನಂಬಿ ಹಿಂದೆ ಬೆಡುವಿನ್ನರು ಕೋವಿಯಿಂದ ಹೊಡೆದಿದ್ದಾರೆ. ಕಲಶ ಗಟ್ಟಿ ಕಲ್ಲು, ಒಳಗೆ ಏನೂ ಇಲ್ಲ. ಬೈನಾಕ್ಯುಲರ್ ಇದ್ದರೆ ಗುಂಪಿಗೆ ಒಂದು ತನ್ನಿ. ಕಟ್ಟಡವನ್ನು ಮೇಲಿನಿಂದ ನೋಡಬೇಕಾದರೆ ಅಲ್‌ಖುಬ್ತಾ ಎಂಬ ಗುರುತು ಹಾಕಿದ ದಾರಿ ಇದೆ. ಯಾರೋ ಕರೆದರು ಅಂತ ಬೇರೆ ಬಂಡೆ ಹತ್ತಬೇಡಿ.

ಇನ್ನು ಸಿಕ್. ಸುಮಾರು 1.2 ಕಿ.ಮೀ. ಉದ್ದದ ಇಕ್ಕಟ್ಟಾದ ಕಂದರ. ಎಲ್ಲರೂ ತಲೆ ಎತ್ತಿ ಗೋಡೆ ನೋಡುತ್ತಾ ಹೋಗುತ್ತಾರೆ. ನೀವು ಸೊಂಟದ ಎತ್ತರದಲ್ಲಿ ನೋಡಿ. ಎರಡೂ ಬದಿಯ ಬಂಡೆಯಲ್ಲಿ ಉದ್ದಕ್ಕೂ ಕೊರೆದ ಕಾಲುವೆ, ನಮ್ಮ ಅಡಿಕೆ ತೋಟದ ಕಣಿಯಷ್ಟೇ ಸರಾಗ ಓಟ ಅದಕ್ಕೆ. ಒಂದು ಬದಿಯಲ್ಲಿ ಮಣ್ಣಿನ ಕೊಳವೆಗಳನ್ನು ಒಂದಕ್ಕೊಂದು ಕೂಡಿಸಿ ಸುಣ್ಣದ ಗಾರೆಯಿಂದ ಮುಚ್ಚಿದ್ದರು. ಅಲ್ಲಲ್ಲಿ ಆ ತುಂಡುಗಳು ಇನ್ನೂ ಕಾಣುತ್ತವೆ. ಬೆರಳಿಟ್ಟು ಮುಟ್ಟಬೇಡಿ, ಹತ್ತಿರದಿಂದ ನೋಡಿ. ನಮ್ಮಲ್ಲಿ ವರ್ಷಕ್ಕೆ 4000 ಮಿ.ಮೀ. ಆಸುಪಾಸು ಮಳೆ. ಅಲ್ಲಿ 200 ಕೂಡ ಇಲ್ಲ. ಅಷ್ಟರಲ್ಲೇ ಪೆಟ್ರಾ ಕಟ್ಟಿದ ನಬಾತಿಯನ್ನರು ಸಾವಿರಾರು ಜನರ ಪಟ್ಟಣ ಸಾಕಿದರು. ಸಿಕ್‌ನ ಬಾಯಿಗೆ ಅಣೆಕಟ್ಟು ಕಟ್ಟಿ, ಪಕ್ಕದ ಬಂಡೆಯಲ್ಲಿ ಸುರಂಗ ಕೊರೆದು ಪ್ರವಾಹವನ್ನು ಬೇರೆ ಕಡೆಗೆ ತಿರುಗಿಸಿದರು. 1963ರ ದುರಂತದ ನಂತರ ಸರ್ಕಾರ ಅದೇ ಜಾಗದಲ್ಲಿ ಅಣೆಕಟ್ಟನ್ನು ಮತ್ತೆ ಕಟ್ಟಿಸಿತು. ಕ್ರಿ.ಶ. 106ರಲ್ಲಿ ರೋಮನ್ನರು ನಬಾತಿಯನ್ನರ ರಾಜ್ಯವನ್ನು ಸೇರಿಸಿಕೊಂಡರು, 363ರ ಭೂಕಂಪ ಬಹಳಷ್ಟನ್ನು ಕೆಡವಿತು. ನಿಮ್ಮ ಬಾಟಲಿಯ ನೀರನ್ನು ನಾಲ್ಕು ದಿನ ಲೆಕ್ಕ ಹಾಕಿ ಕುಡಿದು ಬಂದಿರುತ್ತೀರಲ್ಲ, ಆ ಕಾಲುವೆಯ ಬೆಲೆ ಯಾರೂ ವಿವರಿಸಬೇಕಾಗಿಲ್ಲ.

ಎರಡನೇ ದಿನ ಮುಖ್ಯ ಬಾಗಿಲಿಗೆ ಬೆಳಿಗ್ಗೆ ಆರಕ್ಕೇ ಹೋಗಿ. ಬಸ್ಸಿನ ಜನ ಬರುವ ಮೊದಲು ಸಿಕ್ ನಿಮ್ಮದೇ.

ವಾದಿ ರಮ್ ಮತ್ತು ವಾಪಸ್

ಪೆಟ್ರಾದಿಂದ ಗಾಡಿಯಲ್ಲಿ ಎರಡು ಗಂಟೆ. ಎರಡು ರಾತ್ರಿ ಸಾಕು. ಖಜಾಲಿ ಕಂದರದ ಗೋಡೆಯಲ್ಲಿ ಹಳೇ ಬರಹ, ಮನುಷ್ಯರ ಮತ್ತು ಪ್ರಾಣಿಗಳ ಗೀರುಚಿತ್ರ ಇದೆ. ಗಟ್ಟಿಗರು ದೇಶದ ಅತಿ ಎತ್ತರದ ಶಿಖರ ಉಮ್ ಅದ್ ದಾಮಿ ಹತ್ತಬಹುದು, 1854 ಮೀಟರ್, ನಮ್ಮ ಕುದುರೆಮುಖಕ್ಕಿಂತ ಸ್ವಲ್ಪ ಕಡಿಮೆ. ಉಳಿದವರು ಜೀಪಿನಲ್ಲಿ ಹೋಗಲಿ, ಗುಂಪು ಒಂದು ದಿನ ಎರಡಾದರೆ ನಷ್ಟವಿಲ್ಲ. ರಾತ್ರಿ ಚಳಿ ಇರುತ್ತದೆ, ಟೊಪ್ಪಿ ಮತ್ತು ಕಾಲುಚೀಲ ಮಲಗುವಾಗಲೂ ಬೇಕು.

ಅಲ್ಲಿನ ‘ಜರ್ಬ್’ ಊಟವನ್ನು ಮರಳಿನಡಿಯ ಒಲೆಯಲ್ಲಿ ಬೇಯಿಸುತ್ತಾರೆ. ಅಂತಸ್ತು ಅಂತಸ್ತಿನ ಜಾಲರಿಯಲ್ಲಿ ಮಾಂಸ, ತರಕಾರಿ ಇಟ್ಟು ಕೆಂಡದ ಗುಂಡಿಗೆ ಇಳಿಸಿ, ಮುಚ್ಚಳದ ಮೇಲೆ ಕಂಬಳಿ, ಮರಳು ಹಾಕಿ ಮುಚ್ಚುತ್ತಾರೆ. ಮೇಲಿನ ಮಾಂಸದ ಕೊಬ್ಬು ಕೆಳಗಿನ ತರಕಾರಿಗೆ ಇಳಿಯಬಹುದು. ಸಸ್ಯಾಹಾರಿಗಳಿಗೆ ಬೇರೆ ಪಾತ್ರೆ ಬೇಕು ಅಂತ ಹಿಂದಿನ ದಿನವೇ ಹೇಳಿ, ಖುಷಿಯಿಂದ ಮಾಡಿಕೊಡುತ್ತಾರೆ. ಹೊಟ್ಟೆಯ ಚಿಂತೆ ಬೇಡ. ಹಮ್ಮುಸ್, ಫಲಾಫೆಲ್, ಬೇಳೆ ಹಾಕಿದ ಅನ್ನ ಎಲ್ಲ ಕಡೆ ಸಿಗುತ್ತದೆ. ಊರಿನಿಂದ ಚಟ್ನಿಪುಡಿ, ಗೊಜ್ಜವಲಕ್ಕಿ, ನೆಲಗಡಲೆ ಚಿಕ್ಕಿ ಸಾಕು. ಉಪ್ಪಿನಕಾಯಿ ಒಯ್ಯುವುದಾದರೆ ಚೆಕ್-ಇನ್ ಬ್ಯಾಗಿಗೆ ಹಾಕಿ.

ಕೊನೆಯ ದಿನ ಮೃತ ಸಮುದ್ರ ಇಟ್ಟುಕೊಳ್ಳುವವರಿಗೆ ಒಂದು ಮಾತು. ಅದರ ನೀರಿನಲ್ಲಿ ಮೂರನೇ ಒಂದು ಭಾಗದಷ್ಟು ಉಪ್ಪು. ಒಡೆದ ಗುಳ್ಳೆ, ಗೀರು ಗಾಯ ಇರುವವರು ಇಳಿಯಬೇಡಿ, ದಂಡೆಯಲ್ಲಿ ಕೂತು ಬ್ಯಾಗು ಕಾಯಿರಿ. ಇಳಿಯುವವರು ಬೆನ್ನ ಮೇಲೆಯೇ ತೇಲಿ, ಮುಖ ಮುಳುಗಿಸಬೇಡಿ, ಹಿಂದಿನ ದಿನ ಶೇವ್ ಮಾಡಬೇಡಿ. ಹತ್ತು ಹದಿನೈದು ನಿಮಿಷಕ್ಕೆ ಹೊರಗೆ ಬಂದು ಸಿಹಿನೀರಿನಲ್ಲಿ ಸ್ನಾನ ಮಾಡಿ. ಕಣ್ಣಿಗೆ ಉಪ್ಪುನೀರು ಹಾರಿದರೆ ಉಜ್ಜದೆ ತೊಳೆಯಲು ಒಂದು ಬಾಟಲಿ ಕುಡಿಯುವ ನೀರು ದಂಡೆಯಲ್ಲಿ ಕೈಗೆ ಸಿಗುವ ಹಾಗೆ ಇಟ್ಟಿರಿ. ಅಲ್ಲಿಂದ ಅಮ್ಮಾನ್ ವಿಮಾನ ನಿಲ್ದಾಣಕ್ಕೆ ಸುಮಾರು ಒಂದು ಗಂಟೆ. ಸಾಮಾನ್ಯ ಪರ್ಸಿನಲ್ಲಿ ಉಳಿದ ದಿನಾರುಗಳನ್ನು ಗಾಡಿ ಇಳಿಯುವ ಮೊದಲೇ ಲೆಕ್ಕ ಮಾಡಿ, ಡ್ರೈವರಿಗೆ ಕೊಡಬೇಕಾದ್ದನ್ನು ಕೊಟ್ಟು, ಮಿಕ್ಕಿದ್ದನ್ನು ಅಲ್ಲೇ ಹಂಚಿಕೊಳ್ಳಿ.